ಮುಂದಿನ ಸರದಿಗೆ ತೆರುವ ಬೆಲೆ

2021ರ ಜುಲೈ 23ರಂದು ನ್ಯಾಷನಲ್ ಹಾಕಿ ಲೀಗಿನ (ಎನ್‌ಎಚ್‌ಎಲ್) ಡ್ರಾಫ್ಟ್ ನಡೆದಾಗ, ಕೊರೊನಾ ಕಾರಣದಿಂದ ತಂಡಗಳೆಲ್ಲ ತಮ್ಮ ತಮ್ಮ ಊರಿನಲ್ಲೇ ಕುಳಿತು ಹುಡುಗರನ್ನು ಆರಿಸಬೇಕಾಯಿತು. ಆ ರಾತ್ರಿ ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡದ ಕೈಯಲ್ಲಿ ಮೊದಲ ಸುತ್ತಿನ ಎರಡು ಸರದಿಗಳಿದ್ದವು: 6 ಮತ್ತು 23. ಆರನೆಯದರಲ್ಲಿ ಸ್ವೀಡನ್ನಿನ ರಕ್ಷಣಾ ಆಟಗಾರ ಸೈಮನ್ ಎಡ್ವಿನ್‌ಸನ್ ಸಿಕ್ಕ. ಆಮೇಲೆ ಜನರಲ್ ಮ್ಯಾನೇಜರ್ ಸ್ಟೀವ್ ಐಜರ್ಮನ್ 23ರವರೆಗೆ ಕಾಯಲಿಲ್ಲ. ಡಲ್ಲಾಸ್ ಸ್ಟಾರ್ಸ್ ತಂಡಕ್ಕೆ 23ನೆಯ ಸರದಿ, ಎರಡನೆಯ ಸುತ್ತಿನ 48ನೆಯದು, ಐದನೆಯ ಸುತ್ತಿನ 138ನೆಯದು, ಈ ಮೂರನ್ನೂ ಕೊಟ್ಟು 15ನೆಯ ಸರದಿ ಪಡೆದರು. ಅದರಲ್ಲಿ ಆರೂವರೆ ಅಡಿ ಎತ್ತರದ ಗೋಲ್‌ಕೀಪರ್ ಸೆಬಾಸ್ಟಿಯನ್ ಕೋಸಾನನ್ನು ಆರಿಸಿದರು. ಕೈಗೆ ಬಂದ 23ನೆಯ ಸರದಿಯಲ್ಲಿ ಡಲ್ಲಾಸ್ ವಾಯಟ್ ಜಾನ್‌ಸ್ಟನ್ ಎಂಬ ಸೆಂಟರ್ ಆಟಗಾರನನ್ನು ತೆಗೆದುಕೊಂಡಿತು.

ಜಾನ್‌ಸ್ಟನ್ ಅದರ ಹಿಂದಿನ ಚಳಿಗಾಲದಲ್ಲಿ ತನ್ನ ಕ್ಲಬ್ಬಿಗಾಗಿ ಒಂದು ಪಂದ್ಯವನ್ನೂ ಆಡಿರಲಿಲ್ಲ. ಅವನಿದ್ದ ಒಂಟಾರಿಯೊ ಹಾಕಿ ಲೀಗ್ ಇಡೀ ಋತುವನ್ನೇ ಕೈಬಿಟ್ಟಿತ್ತು. ಟೆಕ್ಸಸ್‌ನಲ್ಲಿ ನಡೆದ 18 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಚಿನ್ನ ಗೆದ್ದ ಕೆನಡಾ ತಂಡದಲ್ಲಿ ಆಡಿದ್ದಷ್ಟೇ ಸ್ಕೌಟುಗಳ ಕಣ್ಣಿಗೆ ಬಿದ್ದ ಆಟ. 2022ರ ಶರತ್ಕಾಲದಲ್ಲಿ, ಹತ್ತೊಂಬತ್ತು ತುಂಬಿದ್ದಾಗಲೇ, ಅವನು ಡಲ್ಲಾಸ್ ಪರ ಕಣಕ್ಕಿಳಿದ. ಆ ಊರಿನಲ್ಲಿ ಅವನಿಗೆ ಉಳಿಯಲು ಜಾಗ ಕೊಟ್ಟವರು ಹಿರಿಯ ಆಟಗಾರ ಜೋ ಪಾವೆಲ್‌ಸ್ಕಿ. ಅವರ ಹೆಂಡತಿ ಮಕ್ಕಳ ಜೊತೆ ಮನೆಯವನಂತೆಯೇ ಇದ್ದ. ಮೊದಲ ವರ್ಷವೇ 24 ಗೋಲು, ಮರುವರ್ಷ 32, ಅದರ ಮರುವರ್ಷ 33. ಪಾವೆಲ್‌ಸ್ಕಿ ಸ್ವತಃ 2003ರ ಡ್ರಾಫ್ಟಿನಲ್ಲಿ 205ನೆಯವರಾಗಿ ಆಯ್ಕೆಯಾದವರು.

ಕೋಸಾ ಡೆಟ್ರಾಯಿಟ್ ಪರ ಮೊದಲ ಬಾರಿ ಆಡಿದ್ದು 2024ರ ಡಿಸೆಂಬರಿನಲ್ಲಿ, ಬಫಲೋ ನಗರದಲ್ಲಿ. ಆಟದ ನಡುವೆ ಬದಲಿಯಾಗಿ ಇಳಿದು ಶೂಟೌಟಿನಲ್ಲಿ ತಂಡವನ್ನು ಗೆಲ್ಲಿಸಿದ. ಗೋಲ್‌ಕೀಪರುಗಳು ಮಾಗುವುದು ನಿಧಾನ, ಅವನ ಬಗ್ಗೆ ಕೊನೆಯ ಮಾತು ಹೇಳುವ ಕಾಲ ಇನ್ನೂ ಬಂದಿಲ್ಲ. ಆದರೆ ಬೆಲೆಯ ಬಗ್ಗೆ ಹೇಳಬಹುದು. ಅದು ದುಬಾರಿಯಾಯಿತು. ಅಂದು ಡೆಟ್ರಾಯಿಟ್ ಕಟ್ಟುವ ಹಂತದ ತಂಡ. ಅಂಥ ತಂಡ ಎಂಟು ಸ್ಥಾನ ಮುಂದೆ ಹೋಗಲು ಒಬ್ಬ ಹುಡುಗನ ಬದಲು ಮೂವರನ್ನು ಆರಿಸುವ ಅವಕಾಶವನ್ನು ತೆತ್ತಿತು. ಈ ಉಪನ್ಯಾಸದ ವಿಷಯ ಇದೇ: ಸೋತು ಕೆಳಗಿಳಿದು ಮತ್ತೆ ಮೊದಲಿಂದ ತಂಡ ಕಟ್ಟುವವರು ಡ್ರಾಫ್ಟಿನಲ್ಲಿ ಸರದಿ ಕೊಂಡು ಮುಂದೆ ಹೋಗಬೇಕೇ?

ಹಾಕಿ ಎಂದರೆ ಕನ್ನಡಿಗರ ಕಣ್ಣಮುಂದೆ ಬರುವುದು ಕೊಡಗಿನ ಮೈದಾನ. ಇಲ್ಲಿ ಹೇಳುತ್ತಿರುವುದು ಉತ್ತರ ಅಮೆರಿಕದ ಐಸ್ ಹಾಕಿ. ಅಲ್ಲಿ ಆಟಗಾರರ ಹಂಚಿಕೆ ಐಪಿಎಲ್ ಹರಾಜಿನಂತೆ ನಡೆಯುವುದಿಲ್ಲ. ಹರಾಜಿನಲ್ಲಿ ಹಣ ಮಾತಾಡುತ್ತದೆ. ಡ್ರಾಫ್ಟಿನಲ್ಲಿ ಹಣಕ್ಕೆ ಬಾಯಿಲ್ಲ, ಸರದಿಗೆ ಮಾತ್ರ ಬೆಲೆ. 1963ರಲ್ಲಿ ಮಾಂಟ್ರಿಯಲ್ಲಿನ ಒಂದು ಹೋಟೆಲಿನಲ್ಲಿ ಆರು ತಂಡಗಳು ಸೇರಿ 21 ಹುಡುಗರನ್ನು ಆರಿಸುವುದರೊಂದಿಗೆ ಈ ಪದ್ಧತಿ ಶುರುವಾಯಿತು. ಈಗ 32 ತಂಡಗಳು, ಏಳು ಸುತ್ತು, ಒಟ್ಟು 224 ಆಯ್ಕೆ. ಹಿಂದಿನ ಋತುವಿನಲ್ಲಿ ಹೆಚ್ಚು ಸೋತವರಿಗೆ ಮುಂದಿನ ಸರದಿ. ಬೇಕೆಂದೇ ಸೋಲುವವರನ್ನು ತಡೆಯಲು 1995ರಿಂದ ಲಾಟರಿಯೂ ಉಂಟು. ಈಗಿನ ನಿಯಮದಲ್ಲಿ ಕಟ್ಟಕಡೆಯ ತಂಡಕ್ಕೂ ಮೊದಲ ಸರದಿ ಸಿಗುವ ಸಾಧ್ಯತೆ ಶೇ. 25.5 ಮಾತ್ರ. ಸರದಿಗಳನ್ನು ತಂಡಗಳು ತಮ್ಮತಮ್ಮಲ್ಲಿ ಬದಲಾಯಿಸಿಕೊಳ್ಳಬಹುದು, ಮುಂದಿನ ವರ್ಷಗಳ ಸರದಿಯನ್ನೂ ಈಗಲೇ ಬಿಟ್ಟುಕೊಡಬಹುದು.

2005ರಲ್ಲಿ ಲೀಗ್ ವೇತನ ಮಿತಿ ಜಾರಿಗೆ ತಂದ ಮೇಲೆ ಈ ಸರದಿಗಳ ತೂಕ ಇನ್ನಷ್ಟು ಹೆಚ್ಚಿತು. ಆ ವರ್ಷ ಒಂದು ತಂಡದ ಒಟ್ಟು ಸಂಬಳ 39 ಮಿಲಿಯನ್ ಡಾಲರ್ ದಾಟುವಂತಿರಲಿಲ್ಲ. 2025-26ರ ಮಿತಿ 95.5 ಮಿಲಿಯನ್. ಹದಿನೆಂಟು ತುಂಬಿ ಡ್ರಾಫ್ಟಿನಲ್ಲಿ ಬಂದ ಹುಡುಗನ ಮೊದಲ ಒಪ್ಪಂದ ಮೂರು ವರ್ಷದ್ದು, ಮೂಲ ಸಂಬಳ ವರ್ಷಕ್ಕೆ ಒಂದು ಮಿಲಿಯನ್ ಡಾಲರಿನ ಒಳಗೇ. ಜಾನ್‌ಸ್ಟನ್ 2025ರಲ್ಲಿ ಸಹಿ ಹಾಕಿದ ಎರಡನೆಯ ಒಪ್ಪಂದದ ಸರಾಸರಿ ವರ್ಷಕ್ಕೆ 8.4 ಮಿಲಿಯನ್. ಅದೇ ಕಾಲು, ಅದೇ ಕೈ, ಅದೇ ಆಟ. ಮೊದಲ ಮೂರು ವರ್ಷ ಅದು ಡಲ್ಲಾಸ್‌ಗೆ ಹೆಚ್ಚುಕಡಿಮೆ ಹತ್ತನೆಯ ಒಂದು ಪಾಲಿಗೆ ಸಿಕ್ಕಿತ್ತು. ಹೀಗೆ ಕಡಿಮೆ ಸಂಬಳಕ್ಕೆ ಚೆನ್ನಾಗಿ ಆಡುವ ನಾಲ್ಕೈದು ಹುಡುಗರು ಒಂದೇ ಕಾಲಕ್ಕೆ ಮಾಗಿದರೆ ತಂಡ ಎದ್ದು ನಿಲ್ಲುತ್ತದೆ. ಒಬ್ಬನೇ ಬಂದರೆ ಸಾಲದು.

ಡೆಟ್ರಾಯಿಟಿಗೆ ಇದು ಯಾರೂ ಹೇಳಿಕೊಡಬೇಕಾದ ಪಾಠವಲ್ಲ. ಆ ಊರಿನ ತಂಡ 1991ರಿಂದ 2016ರವರೆಗೆ ಸತತ 25 ಋತುಗಳಲ್ಲಿ ಪ್ಲೇಆಫ್ ತಲುಪಿತು, ನಾಲ್ಕು ಬಾರಿ ಲೀಗಿನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದಿತು. ಆ ಕಾಲದ ಆಟಗಾರರು ಯಾವ ಸರದಿಯಲ್ಲಿ ಬಂದವರು? 1989ರ ಒಂದೇ ಡ್ರಾಫ್ಟಿನಲ್ಲಿ ನಿಕ್ಲಾಸ್ ಲಿಡ್‌ಸ್ಟ್ರಮ್ 53ನೆಯವರು, ಸೆರ್ಗೆಯ್ ಫೆಡೊರೊವ್ 74ನೆಯವರು, ವ್ಲಾದಿಮಿರ್ ಕೊನ್‌ಸ್ಟಾಂಟಿನೊವ್ 221ನೆಯವರು. ಮುಂದೆ 1998ರಲ್ಲಿ ಪಾವೆಲ್ ಡಾಟ್ಸುಕ್ 171, 1999ರಲ್ಲಿ ಹೆನ್ರಿಕ್ ಜೆಟರ್‌ಬರ್ಗ್ 210. ಯುರೋಪಿನ ಊರೂರು ಅಲೆಯುತ್ತಿದ್ದ ಹೋಕನ್ ಆಂಡರ್‌ಸನ್‌ರಂಥ ಸ್ಕೌಟುಗಳ ಕಣ್ಣು ಆ ತಂಡದ ನಿಜವಾದ ಆಸ್ತಿ. ಕಣ್ಣು ಚುರುಕಾಗಿದ್ದವರಿಗೆ ಬೇಕಾದದ್ದು ಹೆಚ್ಚು ಸರದಿ, ಮುಂದಿನ ಸರದಿಯಲ್ಲ. ಐಜರ್ಮನ್ ಆ ತಂಡದ ನಾಯಕರಾಗಿ 1997, 1998, 2002ರಲ್ಲಿ ಕಪ್ ಎತ್ತಿದವರು. ಅವರ ಪಕ್ಕದಲ್ಲಿ ಆಡಿದವರೇ ಈ ಲಿಡ್‌ಸ್ಟ್ರಮ್, ಫೆಡೊರೊವ್.

ಅವರು 2010ರಿಂದ 2018ರವರೆಗೆ ಟ್ಯಾಂಪಾ ಬೇ ತಂಡದ ಜನರಲ್ ಮ್ಯಾನೇಜರ್ ಆಗಿದ್ದಾಗ ಮಾಡಿದ ಕೆಲಸವೂ ಇದಕ್ಕೆ ಸಾಕ್ಷಿ. 2011ರಲ್ಲಿ ನಿಕಿತಾ ಕುಚೆರೊವ್ 58ನೆಯ ಸರದಿಯಲ್ಲಿ ಸಿಕ್ಕರು. 2014ರಲ್ಲಿ ಬ್ರೇಡನ್ ಪಾಯಿಂಟ್ ಎಂಬ ಕುಳ್ಳನೆಯ ಹುಡುಗನ ಮೇಲೆ ಟ್ಯಾಂಪಾದ ಕಣ್ಣಿತ್ತು. 80ನೆಯ ಸರದಿ ಅವರದು, 79ನೆಯದು ಮಿನೆಸೋಟಾದ್ದು. ಒಂದೇ ಒಂದು ಸ್ಥಾನ ಮುಂದೆ ಹೋಗಲು ಏಳನೆಯ ಸುತ್ತಿನ ಒಂದು ಆಯ್ಕೆಯನ್ನು ಮೇಲಿಟ್ಟು ಕೊಟ್ಟರು. ಪಾಯಿಂಟ್ 2020 ಮತ್ತು 2021ರಲ್ಲಿ ಸತತ ಎರಡು ಕಪ್ ಗೆದ್ದ ತಂಡದ ಮುಖ್ಯ ಗೋಲುಗಾರನಾದ. 2022-23ರಲ್ಲಿ 51 ಗೋಲು ಹೊಡೆದ. ಸರದಿ ಕೊಂಡು ಮುಂದೆ ಹೋಗುವುದೇ ತಪ್ಪು ಎಂದು ವಾದಿಸುವವರು ಈ ಉದಾಹರಣೆಯ ಮುಂದೆ ನಿಲ್ಲಲಾರರು. ಆದರೆ ಅಲ್ಲಿ ತೆತ್ತ ಬೆಲೆಯನ್ನು ನೋಡಬೇಕು. ಏಳನೆಯ ಸುತ್ತಿನಲ್ಲಿ ಬಂದ ಹುಡುಗರಲ್ಲಿ ಬಹುಪಾಲು ಜನ ಎನ್‌ಎಚ್‌ಎಲ್ ಮೆಟ್ಟಿಲನ್ನೇ ಹತ್ತುವುದಿಲ್ಲ.

ಐಜರ್ಮನ್ ಅವರಿಗೆ ಮೊದಲ ಸುತ್ತಿನ ಗೋಲ್‌ಕೀಪರ್ ಮೇಲೆ ನಂಬಿಕೆ ಬರಲು ಅದೇ ಟ್ಯಾಂಪಾದಲ್ಲಿ ಕಾರಣವೂ ಇತ್ತು. 2012ರಲ್ಲಿ 19ನೆಯ ಸರದಿಯಲ್ಲಿ ಆಂದ್ರೇ ವಾಸಿಲೆವ್‌ಸ್ಕಿ ಸಿಕ್ಕಿದ್ದರು. 2021ರ ಪ್ಲೇಆಫಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಅವರದಾಯಿತು. ಆ 19ನೆಯ ಸರದಿ ಮೂಲದಲ್ಲಿ ಡೆಟ್ರಾಯಿಟ್ ತಂಡದ್ದು. 2012ರ ಫೆಬ್ರವರಿಯಲ್ಲಿ ಕೈಲ್ ಕ್ವಿನ್ಸಿ ಎಂಬ ರಕ್ಷಣಾ ಆಟಗಾರನಿಗಾಗಿ ಡೆಟ್ರಾಯಿಟ್ ಅದನ್ನು ಬಿಟ್ಟುಕೊಟ್ಟಿತ್ತು. ಹಾಗಾಗಿ 2021ರಲ್ಲಿ ಕೋಸಾನನ್ನು ಬಯಸಿದ್ದು ಹುಚ್ಚಲ್ಲ. ಆದರೆ ಆ ವರ್ಷ ಕೋಸಾನಷ್ಟೇ ಹೆಸರು ಮಾಡಿದ್ದ ಇನ್ನೊಬ್ಬ ಗೋಲ್‌ಕೀಪರ್ ಇದ್ದ, ಸ್ವೀಡನ್ನಿನ ಜೆಸ್ಪರ್ ವಾಲ್‌ಸ್ಟೆಡ್. ಅವನು 20ನೆಯ ಸರದಿಯವರೆಗೂ ಉಳಿದಿದ್ದ. ಮಿನೆಸೋಟಾ 22ರಿಂದ 20ಕ್ಕೆ ಬರಲು ಮೂರನೆಯ ಸುತ್ತಿನ ಒಂದು ಆಯ್ಕೆಯನ್ನಷ್ಟೇ ಹೆಚ್ಚುವರಿಯಾಗಿ ಕೊಟ್ಟು ಅವನನ್ನು ಪಡೆಯಿತು. ಐದು ಸ್ಥಾನ ತಾಳಿದ್ದರೆ ಬೆಲೆ ಎಷ್ಟು ಇಳಿಯುತ್ತಿತ್ತು ಎಂಬುದಕ್ಕೆ ಬೇರೆ ಲೆಕ್ಕ ಬೇಕಿಲ್ಲ.

ಸರದಿ ಕೊಂಡು ಮುಂದೆ ಹೋಗಿ ಗೆದ್ದವರ ಕಥೆಗಳಲ್ಲಿ 1999ರ ವ್ಯಾಂಕೂವರ್ ಕಥೆಗೆ ಸಾಟಿಯಿಲ್ಲ. ಸ್ವೀಡನ್ನಿನ ಅವಳಿ ಸೋದರರು ಹೆನ್ರಿಕ್ ಮತ್ತು ಡೇನಿಯಲ್ ಸೆಡಿನ್ ಆ ವರ್ಷ ಡ್ರಾಫ್ಟಿಗೆ ಬಂದರು. ಇಬ್ಬರೂ ಒಂದೇ ತಂಡದಲ್ಲಿ ಆಡಬೇಕೆಂಬುದು ಅವರ ಆಸೆ. ವ್ಯಾಂಕೂವರ್ ಕೈಯಲ್ಲಿದ್ದದ್ದು ಮೂರನೆಯ ಸರದಿ ಒಂದೇ. ಜನರಲ್ ಮ್ಯಾನೇಜರ್ ಬ್ರಯಾನ್ ಬರ್ಕ್ ಮೊದಲು ಷಿಕಾಗೋಗೆ ರಕ್ಷಣಾ ಆಟಗಾರ ಬ್ರಯಾನ್ ಮೆಕೇಬ್ ಮತ್ತು ಮುಂದಿನ ವರ್ಷದ ಮೊದಲ ಸುತ್ತಿನ ಆಯ್ಕೆಯನ್ನು ಕೊಟ್ಟು ನಾಲ್ಕನೆಯ ಸರದಿ ತಂದರು. ಆ ನಾಲ್ಕನೆಯದಕ್ಕೆ ಮೂರನೆಯ ಸುತ್ತಿನ ಎರಡು ಆಯ್ಕೆ ಸೇರಿಸಿ ಟ್ಯಾಂಪಾದಿಂದ ಒಂದನೆಯ ಸರದಿ ಪಡೆದರು. ಒಂದನೆಯದನ್ನೂ ಇಟ್ಟುಕೊಳ್ಳಲಿಲ್ಲ. ಆಗಷ್ಟೇ ಹುಟ್ಟಿದ್ದ ಅಟ್ಲಾಂಟಾ ತಂಡಕ್ಕೆ ಅದನ್ನು ಕೊಟ್ಟು ಎರಡನೆಯದನ್ನು ತೆಗೆದುಕೊಂಡರು, ಸೆಡಿನ್ ಸೋದರರನ್ನು ಮುಟ್ಟಬಾರದು ಎಂಬ ಮಾತಿನ ಮೇಲೆ. ಅಟ್ಲಾಂಟಾ ಪ್ಯಾಟ್ರಿಕ್ ಸ್ಟೆಫಾನ್‌ನನ್ನು ಆರಿಸಿತು. ಡೇನಿಯಲ್ ಎರಡನೆಯವರು, ಹೆನ್ರಿಕ್ ಮೂರನೆಯವರು.

ಇಬ್ಬರೂ 2018ರಲ್ಲಿ ನಿವೃತ್ತರಾಗುವವರೆಗೆ ಬೇರೆ ಎನ್‌ಎಚ್‌ಎಲ್ ತಂಡದ ಅಂಗಿ ತೊಡಲಿಲ್ಲ. ಇಬ್ಬರೂ ಸಾವಿರಕ್ಕಿಂತ ಹೆಚ್ಚು ಅಂಕ (ಗೋಲು ಮತ್ತು ಗೋಲಿಗೆ ಕೊಟ್ಟ ನೆರವು ಸೇರಿ) ಗಳಿಸಿದರು, 2022ರಲ್ಲಿ ಒಟ್ಟಿಗೇ ಹಾಲ್ ಆಫ್ ಫೇಮ್ ಸೇರಿದರು. 2011ರ ಫೈನಲ್ಲಿನಲ್ಲಿ ಬಾಸ್ಟನ್ ಎದುರು ಏಳನೆಯ ಪಂದ್ಯ ಸೋತದ್ದರಿಂದ ಕಪ್ ಮಾತ್ರ ಕೈಗೆ ಬರಲಿಲ್ಲ. ಬರ್ಕ್ ಮಾಡಿದ್ದು ಸರಿ ಎನ್ನಲು ಒಂದು ಗಟ್ಟಿ ಕಾರಣವಿದೆ. ಅವರ ಬಳಿ ಆಗಲೇ ಒಬ್ಬ ಸೆಡಿನ್‌ನನ್ನು ತರುವ ಸರದಿ ಇತ್ತು. ಇಬ್ಬರೂ ಕೂಡಿದರೆ ಆಟದ ಬೆಲೆ ಎರಡು ಪಟ್ಟಿಗಿಂತ ಹೆಚ್ಚುತ್ತಿತ್ತು, ಆ ಹೆಚ್ಚಳ ಬೇರೆ ಯಾವ ತಂಡಕ್ಕೂ ಸಿಗುವಂಥದ್ದಲ್ಲ. ಅಂಥ ಅವಳಿಗಳು ಪ್ರತಿ ವರ್ಷ ಹುಟ್ಟುವುದಿಲ್ಲ. ಇನ್ನೊಂದು ಸಂಗತಿಯನ್ನೂ ಬಿಡಬಾರದು: ಜೆಟರ್‌ಬರ್ಗ್ 210ನೆಯವರಾಗಿ ಡೆಟ್ರಾಯಿಟಿಗೆ ಸಿಕ್ಕಿದ್ದು ಇದೇ ಡ್ರಾಫ್ಟಿನಲ್ಲಿ.

2003ರಲ್ಲಿ ಪಿಟ್ಸ್‌ಬರ್ಗ್ ಮಾಡಿದ್ದೂ ಇದೇ ಬಗೆಯದು. ಮೂರನೆಯ ಸರದಿ, 55ನೆಯದು ಮತ್ತು ಮಿಕಾಯೆಲ್ ಸ್ಯಾಮ್ಯುಯೆಲ್‌ಸನ್ ಎಂಬ ಆಟಗಾರ, ಇಷ್ಟನ್ನು ಫ್ಲಾರಿಡಾಕ್ಕೆ ಕೊಟ್ಟು ಒಂದನೆಯದನ್ನೂ 73ನೆಯದನ್ನೂ ಪಡೆಯಿತು. ಗೋಲ್‌ಕೀಪರ್ ಮಾರ್ಕ್ ಆಂದ್ರೇ ಫ್ಲೂರಿ ಬಂದರು. ಎರಡನೆಯ ಸುತ್ತಿನ ಸರದಿ ಕಳೆದುಹೋಗಲಿಲ್ಲ, ಹದಿನೆಂಟು ಸ್ಥಾನ ಹಿಂದೆ ಸರಿಯಿತು ಅಷ್ಟೇ. 2009ರ ಫೈನಲ್ಲಿನ ಏಳನೆಯ ಪಂದ್ಯ ಡೆಟ್ರಾಯಿಟ್ ಅಂಗಣದಲ್ಲಿ ನಡೆಯಿತು. ಪಿಟ್ಸ್‌ಬರ್ಗ್ 2-1ರಿಂದ ಮುಂದಿದ್ದಾಗ, ಗಡಿಯಾರದಲ್ಲಿ ಕೊನೆಯ ಸೆಕೆಂಡು ಓಡುತ್ತಿರುವಾಗ, ಪಕ್ ಲಿಡ್‌ಸ್ಟ್ರಮ್ ಅವರ ಕೋಲಿಗೆ ಬಂತು. ಗೋಲಿನ ಆ ಬದಿ ತೆರೆದೇ ಇತ್ತು. ಫ್ಲೂರಿ ಅಡ್ಡಲಾಗಿ ಹಾರಿ ಮೈಯೊಡ್ಡಿ ತಡೆದರು, ಕಪ್ ಪಿಟ್ಸ್‌ಬರ್ಗ್ ಪಾಲಾಯಿತು. 53ನೆಯ ಸರದಿಯಲ್ಲಿ ಬಂದವರ ಹೊಡೆತವನ್ನು ಒಂದನೆಯ ಸರದಿಯಲ್ಲಿ ಬಂದವರು ತಡೆದ ಆ ಗಳಿಗೆಯಲ್ಲಿ ಈ ಚರ್ಚೆಯ ಎರಡೂ ಪಕ್ಷಗಳಿಗೆ ಬೇಕಾದ ಸಾಕ್ಷ್ಯವಿದೆ. ಆದರೂ ಪಿಟ್ಸ್‌ಬರ್ಗನ್ನು ಎತ್ತಿ ನಿಲ್ಲಿಸಿದವರಲ್ಲಿ ದೊಡ್ಡ ಹೆಸರು ಸಿಡ್ನಿ ಕ್ರಾಸ್ಬಿ ಮತ್ತು ಎವ್ಗೆನಿ ಮಾಲ್ಕಿನ್ ಅವರದು. ಅವರಿಬ್ಬರೂ ತಂಡದ ಸ್ವಂತ ಸರದಿಗೆ ಬಂದವರು, ಕೊಂಡ ಸರದಿಗಲ್ಲ.

ವ್ಯಾಂಕೂವರ್, ಪಿಟ್ಸ್‌ಬರ್ಗ್ ಮಾಡಿದ ಈ ವಿನಿಮಯಗಳೆರಡೂ ಡ್ರಾಫ್ಟಿನ ತುತ್ತತುದಿಯಲ್ಲಿ ನಡೆದವು. ಲೆಕ್ಕ ಹಾಕುವವರು ಹೇಳುವುದೂ ಇದನ್ನೇ. ಆಗ ಸೇಂಟ್ ಲಾರೆನ್ಸ್ ವಿಶ್ವವಿದ್ಯಾಲಯದಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ಮೈಕಲ್ ಷುಕರ್ಸ್ ಹಳೆಯ ಡ್ರಾಫ್ಟುಗಳನ್ನು ಜಾಲಾಡಿ ಪ್ರತಿ ಸರದಿಗೆ ಎಷ್ಟು ಯೋಗ್ಯತೆ ಎಂಬ ಪಟ್ಟಿ ಮಾಡಿದರು. ಮೊದಲ ಕೆಲವು ಸ್ಥಾನಗಳಲ್ಲಿ ಬೆಲೆ ಕಡಿದಾಗಿ ಇಳಿಯುತ್ತದೆ, ಆಮೇಲೆ ಇಳಿಜಾರು ಸಮತಟ್ಟಾಗುತ್ತ ಹೋಗುತ್ತದೆ. ಒಂದಕ್ಕೂ ಒಂಬತ್ತಕ್ಕೂ ಇರುವ ಅಂತರ 15ಕ್ಕೂ 23ಕ್ಕೂ ಇಲ್ಲ. ಎರಡೂ ಕಡೆ ಎಂಟೇ ಸ್ಥಾನ, ಆದರೆ ಬೆಲೆ ಬೇರೆ. ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಎರಿಕ್ ಟಲ್‌ಸ್ಕಿ ತಂಡಗಳು ನಿಜವಾಗಿ ಮಾಡಿದ ವಿನಿಮಯಗಳನ್ನು ಕಲೆಹಾಕಿ, ಮುಂದೆ ಹೋಗಲು ಏನೇನು ತೆರುತ್ತಾರೆ ಎಂದು ಬರೆದರು. ಅವರು 2024ರಲ್ಲಿ ಕ್ಯಾರೊಲೈನಾ ತಂಡದ ಜನರಲ್ ಮ್ಯಾನೇಜರ್ ಆದರು. ಅವರು ಆ ಕುರ್ಚಿಗೆ ಬರುವ ಮೊದಲೇ, 2021ರ ಅದೇ ಡ್ರಾಫ್ಟಿನಲ್ಲಿ, ಕ್ಯಾರೊಲೈನಾ ತನ್ನ 27ನೆಯ ಸರದಿಯನ್ನು ನ್ಯಾಶ್‌ವಿಲ್ಲಿಗೆ ಬಿಟ್ಟು 40 ಮತ್ತು 51ನ್ನು ಪಡೆದು ಹಿಂದೆ ಸರಿದಿತ್ತು.

ಅಮೆರಿಕನ್ ಫುಟ್‌ಬಾಲಿನ ಡ್ರಾಫ್ಟ್ ಬಗ್ಗೆ ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ 2013ರಲ್ಲಿ ಪ್ರಕಟಿಸಿದ ಅಧ್ಯಯನವೂ ಇಲ್ಲಿ ನೆನಪಿಗೆ ಬರಬೇಕು. ಥೇಲರ್ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಅತಿ ಮುಂದಿನ ಸರದಿಗಳಿಗೆ ತಂಡಗಳು ಯೋಗ್ಯತೆ ಮೀರಿ ತೆರುತ್ತವೆ, ತಮ್ಮ ಅಂದಾಜಿನ ಮೇಲೆ ಅವರಿಗಿರುವ ಅತಿಯಾದ ನಂಬಿಕೆಯೇ ಅದಕ್ಕೆ ಕಾರಣ ಎಂದು ಅವರು ತೋರಿಸಿದರು. ಇದನ್ನು ಹಾಗೆಯೇ ಹಾಕಿಗೆ ಹಚ್ಚಲಾಗದು. ಹಾಕಿಯಲ್ಲಿ ಮೊದಲ ಆಯ್ಕೆಯ ಸಂಬಳಕ್ಕೂ ಕಡಿವಾಣವಿರುವುದರಿಂದ ತುದಿಯ ಒಂದೆರಡು ಸ್ಥಾನ ನಿಜಕ್ಕೂ ಬಂಗಾರ. ಆದರೆ ಅತಿಯಾದ ನಂಬಿಕೆಯ ಮಾತು ಹಾಕಿಗೂ ಸಲ್ಲುತ್ತದೆ. ಹುಡುಗರ ಪಟ್ಟಿಯನ್ನು ವರ್ಷವಿಡೀ ತಿದ್ದಿದವರಿಗೆ ತಮ್ಮ ಒಂಬತ್ತನೆಯ ಹೆಸರು ಹದಿನೈದನೆಯ ಸರದಿಗೂ ಉಳಿದಿದ್ದರೆ ಕೈ ಕಟ್ಟಿ ಕೂರುವುದು ಕಷ್ಟ. ಉಳಿದ ಹದಿನಾಲ್ಕು ತಂಡಗಳೂ ಅದೇ ಹುಡುಗನನ್ನು ನೋಡಿ ಬಿಟ್ಟಿವೆ ಎಂಬುದು ಆ ಹೊತ್ತಿನಲ್ಲಿ ಹೊಳೆಯುವುದಿಲ್ಲ. ಗಡಿಯಾರ ಓಡುತ್ತಿರುತ್ತದೆ, ಮೇಜಿನ ಮೇಲಿನ ಫೋನು ಕೈಗೆ ಬರುತ್ತದೆ.

ಅರಿಜೋನಾದ ಕಥೆ ನೋಡಿ. ತಂಡ ಕಟ್ಟುವುದಕ್ಕೆಂದೇ ಸರದಿಗಳನ್ನು ರಾಶಿ ಹಾಕಿಕೊಂಡಿದ್ದ ತಂಡವದು. 2022ರಲ್ಲಿ ಸ್ಯಾನ್ ಹೊಸೆಗೆ 27, 34, 45 ಮೂರನ್ನೂ ಕೊಟ್ಟು 11ನೆಯ ಸರದಿ ಪಡೆದು ಕಾನರ್ ಗೀಕಿಯನ್ನು ಆರಿಸಿತು. ಎರಡು ವರ್ಷದಲ್ಲಿ ತಂಡವೇ ಯೂಟಾಗೆ ವಲಸೆ ಹೋಯಿತು. ಗೀಕಿ ಅಲ್ಲಿ ಆಡುವ ಮೊದಲೇ ಮಿಖಾಯಿಲ್ ಸೆರ್ಗಾಚೆವ್‌ರನ್ನು ತರುವ ವಿನಿಮಯದಲ್ಲಿ ಟ್ಯಾಂಪಾ ಸೇರಿದ. ಸೆರ್ಗಾಚೆವ್ ಒಳ್ಳೆಯ ಆಟಗಾರ, ಯೂಟಾಕ್ಕೆ ನಷ್ಟವಾಯಿತು ಎನ್ನುವಂತಿಲ್ಲ. ಆದರೆ 45ರೊಳಗಿನ ಮೂರು ಸರದಿ ಕೊಟ್ಟು ತಂದ ಹುಡುಗ ತಂಡದ ಅಡಿಪಾಯವಾಗಲಿಲ್ಲ.

ಮುಂದಿನ ಸರದಿ ಬೇಕೇ ಬೇಕು ಎನ್ನುವವರಿಗೆ ಮಾಂಟ್ರಿಯಲ್ಲಿನ ಸ್ಯಾಮ್ ಪೊಲಾಕ್ ಬೇರೆಯೇ ದಾರಿ ತೋರಿಸಿದ್ದರು. 1971ರ ಡ್ರಾಫ್ಟಿಗೆ ಗೀ ಲಾಫ್ಲೂರ್ ಬರುತ್ತಾರೆಂದು ತಿಳಿದು, ಒಂದು ವರ್ಷ ಮೊದಲೇ, ದುರ್ಬಲವಾಗಿದ್ದ ಕ್ಯಾಲಿಫೋರ್ನಿಯಾ ಸೀಲ್ಸ್ ತಂಡದ 1971ರ ಮೊದಲ ಸುತ್ತಿನ ಸರದಿಯನ್ನು ಕೊಂಡರು. ಋತುವಿನ ಮಧ್ಯದಲ್ಲಿ ಲಾಸ್ ಏಂಜಲಿಸ್ ತಂಡ ಸೀಲ್ಸ್‌ಗಿಂತ ಕೆಳಗೆ ಜಾರುವಂತೆ ಕಂಡಾಗ, ರಾಲ್ಫ್ ಬ್ಯಾಕ್‌ಸ್ಟ್ರಮ್ ಎಂಬ ಅನುಭವಿಯನ್ನು ಅಲ್ಲಿಗೆ ಕಳಿಸಿ ಆ ತಂಡವನ್ನು ಮೇಲೆತ್ತಿದರು. ಸೀಲ್ಸ್ ಕೊನೆಯ ಸ್ಥಾನಕ್ಕೆ ಬಿತ್ತು, ಮೊದಲ ಸರದಿ ಮಾಂಟ್ರಿಯಲ್ಲಿಗೆ ಬಂತು. ಲಾಫ್ಲೂರ್ ಐದು ಕಪ್ ಗೆದ್ದರು. ಪೊಲಾಕ್ ಜಾಣತನವನ್ನು ಎಲ್ಲರೂ ಹೊಗಳುತ್ತಾರೆ. ಕಟ್ಟುವ ತಂಡದವರು ಓದಬೇಕಾದ್ದು ಸೀಲ್ಸ್ ಕಥೆಯನ್ನು. ನಾಳೆಯ ಸರದಿಯನ್ನು ಇಂದು ಮಾರಿದ ಆ ತಂಡ 1976ರಲ್ಲಿ ಕ್ಲೀವ್‌ಲ್ಯಾಂಡಿಗೆ ಗುಳೆ ಹೋಗಿ, 1978ರಲ್ಲಿ ಮಿನೆಸೋಟಾ ತಂಡದಲ್ಲಿ ವಿಲೀನವಾಯಿತು.

ಹಾಗಾದರೆ ತೀರ್ಪೇನು? ಮೊದಲ ಮೂರ್ನಾಲ್ಕು ಸ್ಥಾನಗಳೊಳಗೆ, ಅದೂ ಉಳಿದವರಿಗಿಂತ ಸ್ಪಷ್ಟವಾಗಿ ಮೇಲಿರುವ ಹುಡುಗನಿಗಾಗಿ, ಕಟ್ಟುವ ತಂಡ ಮುಂದೆ ಹೋಗಬಹುದು. ಕೆಳಗಿನ ಸುತ್ತುಗಳಲ್ಲಿ ಪಾಯಿಂಟ್‌ನಂಥವನಿಗಾಗಿ ಚಿಲ್ಲರೆ ಆಯ್ಕೆ ಕೊಟ್ಟು ಒಂದೆರಡು ಸ್ಥಾನ ಏರಬಹುದು. ಇವೆರಡರ ನಡುವೆ, ಹತ್ತರಿಂದ ಮೂವತ್ತರವರೆಗಿನ ಸ್ಥಾನಗಳಲ್ಲಿ, ಎರಡನೆಯ ಸುತ್ತಿನ ಸರದಿ ಕೊಟ್ಟು ಮುಂದೆ ಹೋಗುವುದು ತಪ್ಪು. ಈಗಾಗಲೇ ಗೆಲ್ಲುತ್ತಿರುವ ತಂಡಕ್ಕೆ ಒಂದೇ ಒಂದು ಜಾಗ ಖಾಲಿಯಿದ್ದರೆ ಅದರ ಲೆಕ್ಕ ಬೇರೆ. ಕಟ್ಟುವ ತಂಡದಲ್ಲಿ ಜಾಗಗಳೆಲ್ಲ ಖಾಲಿ. ಡೆಟ್ರಾಯಿಟ್ 2017ರಿಂದ 2025ರವರೆಗೆ ಒಂದು ಬಾರಿಯೂ ಪ್ಲೇಆಫ್ ಕಾಣಲಿಲ್ಲ. ಅದಕ್ಕೆ ಕೋಸಾ ವಿನಿಮಯ ಒಂದೇ ಕಾರಣವೆನ್ನುವುದು ಅನ್ಯಾಯ, ಆದರೆ ಆ ಒಂಬತ್ತು ವರ್ಷದಲ್ಲಿ ಆ ತಂಡಕ್ಕೆ ಬೇಕಾಗಿದ್ದದ್ದು ಜಾನ್‌ಸ್ಟನ್‌ನಂಥ ಸೆಂಟರ್.

2025ರ ಜೂನಿನಲ್ಲಿ ಫಿಲಡೆಲ್ಫಿಯಾ, ಅದೂ ಕಟ್ಟುವ ಹಂತದ ತಂಡವೇ, 22 ಮತ್ತು 31ನೆಯ ಸರದಿಗಳನ್ನು ಪಿಟ್ಸ್‌ಬರ್ಗಿಗೆ ಕೊಟ್ಟು 12ಕ್ಕೆ ಬಂದು ಜ್ಯಾಕ್ ನೆಸ್ಬಿಟ್‌ನನ್ನು ಆರಿಸಿತು. 22ರಲ್ಲಿ ಪಿಟ್ಸ್‌ಬರ್ಗ್ ಬಿಲ್ ಝೋನನ್‌ನನ್ನು ತೆಗೆದುಕೊಂಡಿತು. 31ನ್ನು ಮತ್ತೊಂದು ವಿನಿಮಯಕ್ಕೆ ಬಳಸಿತು. ಕೆನಡಾ, ಅಮೆರಿಕದಲ್ಲಿ ನೆಲೆಸಿ ಮಕ್ಕಳ ಜೊತೆ ಈ ಆಟ ನೋಡುವ ಕನ್ನಡಿಗರಲ್ಲಿ ಒಂದು ವಿನಂತಿ. ನಿಮ್ಮ ಊರಿನ ತಂಡ ಸರದಿ ಕೊಂಡು ಮುಂದೆ ಹೋದ ರಾತ್ರಿ, ಆರಿಸಿದ ಹುಡುಗನ ಹೆಸರಿನ ಕೆಳಗೆ ಬಿಟ್ಟುಕೊಟ್ಟ ಸರದಿಗಳಲ್ಲಿ ಆಯ್ಕೆಯಾದವರ ಹೆಸರುಗಳನ್ನೂ ಬರೆದಿಡಿ. ಐದು ವರ್ಷ ಎಲ್ಲರ ಆಟವನ್ನೂ ಗಮನಿಸಿ, ಆಮೇಲೆ ಜನರಲ್ ಮ್ಯಾನೇಜರನ್ನು ಹೊಗಳಿ ಅಥವಾ ಪ್ರಶ್ನಿಸಿ.